ಡಾಂಬರು ಬಳಿದ ಕಂಬ

ಅಣ್ಣನನ್ನು ಹಲಗೆಯ ಮೇಲೆ ಮಲಗಿಸಿದ್ದು ದಸರೆ ಕಳೆದ ವಾರದಲ್ಲಿ. ಆ ಹಲಗೆ ಮಾಡಿದವನು ನಾನೇ. ಬೀದರಿನ ಸರಕಾರಿ ದವಾಖಾನೆಯ ಡಾಕ್ಟರು ಬೆನ್ನೆಲುಬಿಗೆ ಕ್ಷಯ ತಗುಲಿದೆ ಎಂದು ಹೇಳಿದ್ದರು. ಮೆತ್ತನೆಯ ಹಾಸಿಗೆ ಕೂಡದು, ಗಟ್ಟಿ ಹಲಗೆಯ ಮೇಲೆ ಅಂಗಾತ ಮಲಗಿರಬೇಕು, ಏಳಬಾರದು, ಹೊರಳಬಾರದು. ವರ್ಷವೋ ಎರಡು ವರ್ಷವೋ ಈಗಲೇ ಹೇಳಲಾಗದು ಅಂದರು. ನಾನು ಬೇವಿನ ಹಲಗೆಗಳನ್ನು ಸಂದಿಲ್ಲದಂತೆ ಕೂಡಿಸಿ, ಮೇಲ್ಮೈಯನ್ನು ಅಂಗೈಗೆ ಏನೂ ತಾಕದಷ್ಟು ನುಣುಪು ಮಾಡಿ, ನಡುಮನೆಯಲ್ಲಿ ಬಾಗಿಲಿಗೆ ಎದುರಾಗಿ ಹಾಕಿದೆ. ಅಲ್ಲಿ ಮಲಗಿದರೆ ಅಂಗಳದ ಒಂದು ತುಂಡು, ಎದುರು ಗೋಡೆಯ ಮೇಲ್ತುದಿ, ಅದರ ಮೇಲೆ ಒಂದಿಷ್ಟು ಆಕಾಶ ಕಾಣುತ್ತಿತ್ತು. ಅಣ್ಣನಿಗೆ ಆಗ ಮೂವತ್ತಾರು ವರ್ಷ.

ನಮ್ಮದು ಬಡಿಗರ ಮನೆ. ಬಂಡಿಯ ಗಾಲಿ, ನೊಗ, ಬಾಗಿಲ ಚೌಕಟ್ಟು ಮಾಡುವುದು ಅಪ್ಪನ ಕಾಲದಿಂದ ಬಂದ ಕಸುಬು. ಅಣ್ಣ ಮಾತ್ರ ಉರ್ದು ಓದಿ ಸರಕಾರಿ ಶಾಲೆಯಲ್ಲಿ ಭೂಗೋಳದ ಮಾಸ್ತರನಾದ. ನನಗೆ ಕನ್ನಡ ಅಕ್ಷರ ತಿದ್ದಿಸಿದವನೂ ಅವನೇ. ನಾನು ಇಂದು ಇಷ್ಟನ್ನು ಬರೆಯುತ್ತಿದ್ದರೆ ಅದು ಅವನಿಂದ. ಅವನ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ನಾನು ಹತ್ತು ವರ್ಷದವನಿದ್ದಾಗ ಈ ಮನೆಗೆ ಬಂದವರು, ತಾಯಿ ತೀರಿಕೊಂಡ ಮೇಲೆ ನನಗೆ ರೊಟ್ಟಿ ಬಡಿದು ಹಾಕಿ ಬೆಳೆಸಿದವರು. ಅವರಿಗೆ ಮಕ್ಕಳಾಗಿರಲಿಲ್ಲ.

ಕ್ಷಯ ಎಂಬ ಮಾತು ಓಣಿಯಲ್ಲಿ ಹಬ್ಬಿದ್ದೇ ತಡ, ಬರುವ ಕಾಲುಗಳು ನಿಂತವು. ಬೆಂಕಿ ಕೇಳಲು ಬರುತ್ತಿದ್ದ ಹೆಂಗಸರು ಬೇರೆ ಮನೆಗೆ ಹೋದರು. ಅಣ್ಣನ ಜೊತೆ ಹತ್ತು ವರ್ಷ ಕಲಿಸಿದ ಮಾಸ್ತರರು ಗೋಡೆಯಾಚೆಯಿಂದ ಕೂಗಿ ಆರೋಗ್ಯ ಕೇಳಿ ಹೋಗುತ್ತಿದ್ದರು. ಮೊದಮೊದಲು ಅಣ್ಣ ಅದನ್ನು ನಗೆಯಲ್ಲಿ ತೇಲಿಸಿದ. ದೀಪಾವಳಿಯ ಹೊತ್ತಿಗೆ ಅವನ ಮಾತು ಕಡಿಮೆಯಾಯಿತು. ಇಡೀ ದಿನ ಜಂತಿ ಎಣಿಸುತ್ತ ಮಲಗುತ್ತಿದ್ದ. ನಾನು ಕೆಲಸದಿಂದ ಬಂದು ಏನು ಹೇಳಿದರೂ ಹೂಂ ಅನ್ನುತ್ತಿದ್ದ, ಅಷ್ಟೇ.

ಒಬ್ಬರು ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ. ಅದೇ ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದವರು, ಅಣ್ಣನಿಗಿಂತ ಎರಡು ವರ್ಷ ಚಿಕ್ಕವರು. ಅವರ ಮನೆತನ ಬೀದರಿನಲ್ಲಿ ಬಹಳ ಹಳೆಯದು. ನಾನು ಅವರನ್ನು ಮಾಸ್ತರ್ ಸಾಹೇಬರೆಂದೂ ಅವರು ನನ್ನನ್ನು ಮಿಸ್ತ್ರಿ ಎಂದೂ ಕರೆಯುತ್ತಿದ್ದೆವು. ಶಾಲೆ ಬಿಟ್ಟ ಮೇಲೆ ನೇರವಾಗಿ ನಮ್ಮ ಮನೆಗೆ ಬಂದು, ಅಣ್ಣನ ಹಲಗೆಯ ಅಂಚಿಗೇ ಕುಳಿತು, ಅವನು ಕುಡಿದ ಹೂಜಿಯಿಂದಲೇ ನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ವೈನಿ ಬೇರೆ ಲೋಟ ತಂದರೆ, ಅದನ್ನು ಅತಿಥಿಗಳಿಗೆ ಇಡಿರಿ ಅನ್ನುತ್ತಿದ್ದರು.

ರೇಡಿಯೊ ತಂದವರು ಅವರೇ. ಹೈದರಾಬಾದಿನಲ್ಲಿದ್ದ ಅವರ ಹೆಂಡತಿಯ ಅಣ್ಣ ಹೊಸದನ್ನು ಕೊಂಡು ಹಳೆಯದನ್ನು ಇವರಿಗೆ ಕೊಟ್ಟಿದ್ದರಂತೆ. ಆಗ ರೇಡಿಯೊ ಇಡಲು ಬೇಕಿದ್ದ ಸರಕಾರಿ ಪರವಾನಗಿಯನ್ನು ತಮ್ಮ ಹೆಸರಿಗೇ ಮಾಡಿಸಿಕೊಂಡು, ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ತಲೆಯ ಮೇಲೆ ಹೊತ್ತು ತಂದು ಅಣ್ಣನ ಪಕ್ಕದಲ್ಲಿಟ್ಟರು. ವಿದ್ಯುತ್ತಿನ ಮಾತೇ ಇರಲಿಲ್ಲ. ಭಾರವಾದ ಬ್ಯಾಟರಿಯಿಂದ ನಡೆಯುವ ಯಂತ್ರ. ಮಾಳಿಗೆಯಿಂದ ಬೇವಿನ ಗಿಡಕ್ಕೆ ತಂತಿ ಕಟ್ಟಿ, ಗುಂಡಿ ತಿರುಗಿಸಿದರು. ಹಂಚಿನ ಮೇಲೆ ಜೋಳ ಸಿಡಿಯುವಂಥ ಸದ್ದು ಬಂತು. ನಡುವೆ ಒಂದೆರಡು ಮಾತು ತೇಲಿ ಮುಳುಗಿದವು. ಅಷ್ಟಕ್ಕೇ ಅಣ್ಣ ತಲೆ ಎತ್ತಲು ಹೋದ. ವೈನಿ ಭುಜ ಹಿಡಿದು ಮಲಗಿಸಿದರು.

ನಮ್ಮ ಮನೆ ತಗ್ಗಿನಲ್ಲಿತ್ತು, ಸುತ್ತ ಎತ್ತರದ ಗೋಡೆಗಳು. ತಂತಿ ಇನ್ನೂ ಮೇಲೆ ಹೋಗಬೇಕು, ಇಪ್ಪತ್ತೈದು ಮೊಳದ ಕಂಬವಾದರೂ ಬೇಕು ಎಂದು ಮಾಸ್ತರ್ ಸಾಹೇಬರು ಹೇಳಿದರು. ಅಣ್ಣ ನನ್ನ ಮುಖ ನೋಡಿದ. ಎಷ್ಟೋ ವಾರಗಳ ಮೇಲೆ ಅವನು ನನ್ನನ್ನು ಏನನ್ನೋ ಕೇಳುವವನಂತೆ ನೋಡಿದ್ದು ಅಂದೇ. ಸಂಕ್ರಾಂತಿಯೊಳಗೆ ನಿಲ್ಲಿಸ್ತೇನಿ ಎಂದು ನಾನು ಮಾತು ಕೊಟ್ಟೆ. ಬಡಿಗನಿಗೆ ಒಂದು ಕಂಬ ಏನು ಮಹಾ ಎಂದುಕೊಂಡಿದ್ದೆ.

ಎರಡು ತಿಂಗಳು ಅದೇ ಕಂಬದ ಹಿಂದೆ ಅಲೆದೆ. ಕಬ್ಬಿಣದ ಕೊಳವೆ ಎಲ್ಲಕ್ಕಿಂತ ಸುಲಭ ಅನ್ನಿಸಿತ್ತು. ಆದರೆ ಎರಡನೆಯ ಮಹಾಯುದ್ಧದ, ಆ ದೊಡ್ಡ ಲಡಾಯಿಯ ಕಾಲ ಅದು, ಕಬ್ಬಿಣ ಕಣ್ಣಿಗೆ ಬೀಳುತ್ತಿರಲಿಲ್ಲ. ಸಿಕ್ಕ ನಾಲ್ಕು ತುಂಡುಗಳು ತುಕ್ಕು ತಿಂದು, ಕೂಡಿಸುವ ಕಡೆಯೆಲ್ಲ ತೆಳುವಾಗಿದ್ದವು. ಈಚಲು ನೇರವಾಗಿದ್ದರೂ ಭಾರ, ಮೇಲಾಗಿ ನೀರು ಕುಡಿದು ಎರಡು ಮಳೆಗೆ ಕೊಳೆಯುತ್ತದೆ. ದಿಂಡಿಗದ ಮರ ಗಟ್ಟಿ, ಆದರೆ ಅಷ್ಟುದ್ದ ನೇರ ಬೆಳೆಯುವುದಿಲ್ಲ. ಬಿದಿರು ಹಗುರ, ನೇರ, ಕೈಗೆ ಸಿಗುವಂಥದ್ದು. ಹತ್ತಿರದ ಬಗದಲ್ ಹಳ್ಳಿಯಲ್ಲಿ ಒಬ್ಬರ ಹಿತ್ತಲಲ್ಲಿ ಒಳ್ಳೆಯ ಗಳ ನೋಡಿ ಬಂದು ಮನೆಯಲ್ಲಿ ಹೇಳಿದೆ. ವೈನಿ ನನ್ನನ್ನು ಅಂಗಳಕ್ಕೆ ಕರೆದು, ಒಳಗೆ ಕೇಳದಂತೆ ಮೆಲ್ಲಗೆ ಹೇಳಿದರು.

"ಹಾಸಿಗಿ ಹಿಡಿದವರ ಮನಿಗೆ ಹಸಿ ಬಿದಿರು ತರಬ್ಯಾಡ ತಮ್ಮಾ. ಯಾವುದಕ್ಕ ತರ್ತಾರ ಅಂತ ನಿನಗೂ ಗೊತ್ತದ."

ನಾನು ಅದನ್ನು ಬಿಟ್ಟೆ. ಬಿದಿರಾದರೆ ಜೋರು ಗಾಳಿಗೆ ಬಾಗಿ ಸೀಳುತ್ತದೆ ಎಂದು ಮಾಸ್ತರ್ ಸಾಹೇಬರಿಗೆ ಬೇರೆ ಕಾರಣ ಹೇಳಿದೆ.

ಉಳಿದದ್ದು ಸಾಗವಾನಿ. ಕಾಡಿನಿಂದ ಹೊಸದನ್ನು ಕಡಿಯಬೇಕಾದರೆ ಅಪ್ಪಣೆ ಬೇಕು; ಅರ್ಜಿ ಹಾಕಿದರೆ ಮುಂದಿನ ಬೇಸಿಗೆಗೂ ಜವಾಬು ಬರುವ ಭರವಸೆ ಇರಲಿಲ್ಲ. ಅದಕ್ಕೆ ಭಾಲ್ಕಿಗೆ ರೈಲಿನಲ್ಲಿ ಹೋದೆ. ಸ್ಟೇಶನ್ನಿನ ಬಗಲಿಗೇ ಕಟ್ಟಿಗೆ ಅಡ್ಡೆ. ಅಲ್ಲಿಯ ಸಾಹುಕಾರರು ನಮ್ಮ ಅಪ್ಪನ ಕಾಲದ ಪರಿಚಯದವರು. ಇದ್ದಬದ್ದ ಉದ್ದನೆಯ ಮರವೆಲ್ಲ ಲಡಾಯಿ ಕೆಲಸಕ್ಕೆ ಹೋಯಿತು ಎಂದು ಕೈ ತೋರಿಸಿದರು. ಇದ್ದದ್ದರಲ್ಲಿ ಉದ್ದನೆಯದು ಹದಿನಾಲ್ಕು ಮೊಳ, ಅದೂ ನಡುವಿನಲ್ಲಿ ಬಿಲ್ಲಿನ ಹಾಗೆ ಬಾಗಿದ್ದು. ಎರಡನ್ನು ಕೂಡಿಸಿ ನಿಲ್ಲಿಸಬಹುದೇ ಎಂದು ನಾನು ಅಳೆಯುತ್ತಿದ್ದಾಗ ಅವರು ಔರಾದಿನ ಮಾತು ತೆಗೆದರು. ಅಲ್ಲೊಂದು ಹಳೆಯ ವಾಡೆಯನ್ನು ಕೆಡವುತ್ತಿದ್ದಾರೆ, ಅದರ ಅಗಸೆ ಬಾಗಿಲಲ್ಲಿ ನಿಶಾನೆ ಏರಿಸುವ ಕಂಬವೊಂದಿತ್ತು, ಮಾರಿಲ್ಲದಿದ್ದರೆ ನೋಡು ಅಂದರು.

ಔರಾದಿನ ಕಡೆ ಹೊರಟ ಜೋಳದ ಬಂಡಿಯೊಂದು ಸಿಕ್ಕಿತು. ಮಾಂಜ್ರಾ ನದಿ ದಾಟಿ ಎರಡನೆಯ ದಿನ ಮಧ್ಯಾಹ್ನ ಮುಟ್ಟಿದೆ. ವಾಡೆಯ ಮೇಲ್ಚಾವಣಿ ಆಗಲೇ ನೆಲಕ್ಕಿಳಿದಿತ್ತು. ತೊಲೆ, ಜಂತಿ, ಬಾಗಿಲುಗಳನ್ನು ಬಿಚ್ಚಿ ಜೋಡಿಸುವ ಕೆಲಸವನ್ನು ಒಬ್ಬ ಮುದುಕ ಬಡಿಗ ಮಾಡಿಸುತ್ತಿದ್ದ. ನನ್ನ ಕೈ ನೋಡಿಯೇ ಯಾವ ಕಸುಬಿನವನೆಂದು ತಿಳಿದುಕೊಂಡು, ಬಾ ತಮ್ಮಾ ಎಂದು ಕರೆದು, ತನ್ನ ಬುತ್ತಿಯಿಂದ ರೊಟ್ಟಿ ಮುರಿದು ಕೊಟ್ಟ. ಕಂಬ ಗೋಡೆಯ ನೆರಳಲ್ಲಿ ಮಲಗಿತ್ತು.

ಅಂಥ ಕಟ್ಟಿಗೆಯನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಇಪ್ಪತ್ತಾರು ಮೊಳ. ಬುಡದಲ್ಲಿ ತೊಡೆಯಷ್ಟು ದಪ್ಪ, ತುದಿಗೆ ಹೋಗುತ್ತ ಮುಂಗೈಯಷ್ಟು. ಎಷ್ಟೋ ವರ್ಷಗಳ ಬಿಸಿಲು ಮಳೆಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಬಾಚಿಯಿಂದ ಒಂದು ಸಿಬಿರು ತೆಗೆದರೆ ಒಳಗೆ ಜೇನಿನ ಬಣ್ಣ. ಕೊಡತಿಯಿಂದ ಬಡಿದು ಕಿವಿಗೊಟ್ಟೆ. ತುದಿಯಿಂದ ನಡುವಿನವರೆಗೆ ಗಂಟೆಯ ಹಾಗೆ ನುಡಿಯಿತು. ಬುಡದಿಂದ ಎಂಟು ಮೊಳದ ಹತ್ತಿರ ಬಂದಾಗ ದನಿ ಸತ್ತಿತು.

ಮುದುಕ ನೋಡುತ್ತಿದ್ದ. ಬಂದು ಮೊಣಕಾಲೂರಿ ಕುಳಿತು, ನನ್ನ ಕೈಯನ್ನು ಹಿಡಿದು ಆ ಜಾಗದ ಮೇಲಿಟ್ಟ. ಕೂದಲೆಳೆಯಂಥ ಸೀಳು, ಹಗ್ಗ ಹೊಸೆದ ಹಾಗೆ ಕಂಬದ ಸುತ್ತ ತಿರುಗಿಕೊಂಡು ಒಂದೂವರೆ ಮೊಳ ಹೋಗಿತ್ತು.

"ಇದು ಸಿಡಿಲು ಉಂಡ ಕಟ್ಟಿಗಿ," ಅಂದ. "ಮಲಗಿಸಿದ್ರ ನೂರು ವರ್ಷ ಬಾಳತದ. ತೊಲಿ ಮಾಡು, ಚೌಕಟ್ಟು ಮಾಡು. ನಿಂದರಿಸಬ್ಯಾಡ."

ಅಣ್ಣನ ವಿಷಯ ಹೇಳಿದೆ. ಅವನು ಸುಮ್ಮನೆ ಕೇಳಿ, ಬೇರೆ ಕಡೆ ನೋಡು ತಮ್ಮಾ ಅಂದ. ಬೇರೆ ಕಡೆ ಇಲ್ಲ ಎಂದು ನಾನು ಹೇಳಲಿಲ್ಲ, ಆದರೆ ನನಗೆ ಗೊತ್ತಿತ್ತು. ಸಂಕ್ರಾಂತಿಗೆ ಹತ್ತು ದಿನ ಉಳಿದಿದ್ದವು. ನಾನು ಹೊರಡುವ ಮುನ್ನಾದಿನ ಅಣ್ಣ ಕೆಮ್ಮಿದಾಗ ಬಟ್ಟೆಯಲ್ಲಿ ರಕ್ತ ಕಂಡಿತ್ತು. ಬರಿಗೈಯಲ್ಲಿ ಮನೆಗೆ ಹೋಗಿ ಆ ಮುಖದ ಮುಂದೆ ನಿಲ್ಲುವುದನ್ನು ನೆನೆದೆ. ಸೀಳು ಹಳೆಯದು, ಅದಾದ ಮೇಲೂ ಕಂಬ ಎಷ್ಟೋ ಗಾಳಿ ತಡೆದು ನಿಂತಿದೆಯಲ್ಲ ಎಂದು ನನಗೆ ನಾನೇ ವಾದ ಹೂಡಿದೆ. ಚೌಕಟ್ಟಿಗೆ ಬಳಸುತ್ತೇನೆಂದು ಮುದುಕನಿಗೆ ಹೇಳಿ ಕಂಬ ತೆಗೆದುಕೊಂಡೆ. ಅವನು ನಂಬಿದನೋ ಇಲ್ಲವೋ ತಿಳಿಯದು. ಬಂಡಿಗೆ ಬಿಗಿಯುವಾಗ ಒಂದು ಕೈ ಹಚ್ಚಿದ.

ಬುಡ ಒಂದು ಬಂಡಿಯ ಮೇಲೆ, ತುದಿ ಬರೀ ಅಚ್ಚು ಗಾಲಿಗಳ ಮೇಲೆ, ಹೀಗೆ ಕಟ್ಟಿಕೊಂಡು ನಾನೂ ಬಾಡಿಗೆ ಬಂಡಿಯವನೂ ಮೂರು ದಿನ ನಡೆದೆವು. ಹೊಳೆಯಲ್ಲಿ ನೀರು ಮೊಣಕಾಲಿಗಿತ್ತು. ಜನವಾಡದಲ್ಲಿ ಎತ್ತುಗಳಿಗೆ ಮೇವು ಹಾಕಲು ನಿಂತಾಗ ಜನ ಸೇರಿ, ಯಾವ ಗುಡಿಗೆ ಒಯ್ಯುತ್ತೀರಿ ಎಂದು ಕೇಳಿದರು. ಅಣ್ಣನ ರೇಡಿಯೊಕ್ಕೆ ಅಂದೆ. ನಕ್ಕರು. ನಾನೂ ನಕ್ಕೆ.

ಮನೆ ಸೇರುವ ಮೊದಲು ಕಂಬವನ್ನು ನನ್ನ ಕೆಲಸದ ಚಪ್ಪರಕ್ಕೆ ಒಯ್ದೆ. ಅರಗು ಕರಗಿಸಿ, ಕಟ್ಟಿಗೆ ಪುಡಿ ಬೆರೆಸಿ, ಸೀಳಿಗೆ ತುಂಬಿದೆ. ಹಳೆಯ ಗಾಲಿಯ ಕಬ್ಬಿಣದ ಪಟ್ಟಿಯಿಂದ ಎರಡು ಬಳೆ ಮಾಡಿಸಿ ಕಾಸಿ ಹೊಡೆದೆ. ಬಳೆ ಕಂಡರೆ ಯಾರಾದರೂ ಕೇಳಿಯಾರು ಎಂದು ಬುಡದಿಂದ ತುದಿಯವರೆಗೆ ಡಾಂಬರು ಬಳಿದೆ. ಮಳೆಗೆ ಒಳ್ಳೆಯದು ಎಂದು ಎಲ್ಲರಿಗೂ ಹೇಳಿದೆ. ಅದೂ ನಿಜವೇ ಆಗಿತ್ತು.

ಅಂಗಳದಲ್ಲಿ ಕುಣಿ ತೋಡುವುದು ಎರಡು ದಿನದ ಕೆಲಸವಾಯಿತು. ಬೀದರಿನ ನೆಲ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಮೇಲೆ ಗೇಣು ಮಣ್ಣು, ಕೆಳಗೆಲ್ಲ ಕೆಂಪು ಮುರಕಲ್ಲು. ಮೂರು ಮೊಳ ಇಳಿಸಿದೆ. ನಿಲ್ಲಿಸಲು ಎಂಟು ಜನ ಬೇಕಿತ್ತು. ಓಣಿಯವರನ್ನು ಕರೆದರೆ ಬರುವರೆಂಬ ನಂಬಿಕೆ ಇರಲಿಲ್ಲ. ಮಾಸ್ತರ್ ಸಾಹೇಬರು ಮನೆ ಮನೆಗೆ ಹೋಗಿ, ಒಳಗೆ ಬರುವುದು ಬೇಡ, ಅಂಗಳದಲ್ಲಿ ಹಗ್ಗ ಹಿಡಿದರೆ ಸಾಕು ಅಂದರಂತೆ. ಹನ್ನೊಂದು ಜನ ಬಂದರು. ಮೂರು ತಿಂಗಳ ಮೇಲೆ ನಮ್ಮ ಅಂಗಳ ತುಂಬಿತು.

ಹಗ್ಗ ಬಿಗಿಯುವ ಮೊದಲು ಮಾಸ್ತರ್ ಸಾಹೇಬರು ಕಂಬದ ಉದ್ದಕ್ಕೂ ನಡೆದು ಬಂದರು. ಬಳೆಗಳ ಹತ್ತಿರ ನಿಂತರು.

"ಮಿಸ್ತ್ರಿ, ಪಕ್ಕಾ ಅದಲ್ಲ?"

"ಪಕ್ಕಾ ಅದರಿ," ಅಂದೆ.

ಅವರು ತಲೆಯಾಡಿಸಿ ಹಗ್ಗಕ್ಕೆ ಕೈ ಹಾಕಿದರು. ನನ್ನ ಮಾತಿನ ಮೇಲೆ ಅವರಿಗೆ ಎರಡನೆಯ ಯೋಚನೆ ಬರಲಿಲ್ಲ.

ಕಂಬ ಎದ್ದಿತು. ಮೂರು ಕಡೆ ತಂತಿ ಎಳೆದು ಗೂಟಕ್ಕೆ ಬಿಗಿದೆವು. ಹಲಗೆಯ ಮೇಲಿಂದ ಅಣ್ಣನಿಗೆ ಕಂಬದ ಮೇಲಿನ ತುಂಡು ಮಾತ್ರ ಕಾಣುತ್ತಿತ್ತು. ಅದು ಬಾಗಿಲಿನ ಚೌಕದೊಳಗೆ ಏರಿ ಬಂದು ನೆಟ್ಟಗೆ ನಿಂತಾಗ ಅವನು ಬಿಕ್ಕಿ ಬಿಕ್ಕಿ ಅತ್ತನೆಂದು ವೈನಿ ಆಮೇಲೆ ಹೇಳಿದರು. ಮಾಸ್ತರ್ ಸಾಹೇಬರು ಕಿಟಕಿಯ ಹೊರಗೋಡೆಗೆ ಒಂದು ಸ್ವಿಚ್ಚು ಕೂಡಿಸಿದರು. ಮೋಡ ಕವಿದರೆ, ಗಾಳಿ ಎದ್ದರೆ, ಅದನ್ನು ಕೆಳಗೆ ಎಳೆಯಬೇಕು; ಆಗ ಸಿಡಿಲು ಬಡಿದರೂ ತಂತಿಯ ಮೂಲಕ ನೆಲಕ್ಕಿಳಿಯುತ್ತದೆ, ಮನೆಯೊಳಕ್ಕೆ ಬರುವುದಿಲ್ಲ ಎಂದರು. ಹಗಲಲ್ಲಿ ನಾನಿರುವುದಿಲ್ಲವಾದ್ದರಿಂದ ಆ ಕೆಲಸ ವೈನಿಗೆ ಬಂತು. ಎರಡು ಸಲ ಅವರ ಕೈಯಿಂದಲೇ ಎಳೆಸಿ ತೋರಿಸಿದರು.

ಅಂದು ಸಂಜೆ ಹೈದರಾಬಾದಿನ ದನಿ ಪಕ್ಕದ ಮನೆಯಿಂದ ಮಾತಾಡಿದಷ್ಟು ಸ್ಪಷ್ಟವಾಗಿ ಬಂತು. ಲಡಾಯಿಯ ಸುದ್ದಿ, ಧಾರಣೆ, ಒಂದು ಶಹನಾಯಿ. ಅಣ್ಣ ಕಣ್ಣು ಮುಚ್ಚಿ ಕೇಳಿದ. ಸುದ್ದಿಯಲ್ಲಿ ಬಂದ ಊರು, ಸಮುದ್ರ, ಕಣಿವೆಗಳು ಎಲ್ಲಿವೆಯೆಂದು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದ. ಕೆಲವು ದಿನ ಕನ್ನಡದಲ್ಲಿ ಸ್ವಲ್ಪ ಹೊತ್ತು ಮಾತು ಬರುತ್ತಿತ್ತು. ಆಗ ವೈನಿಯೂ ಬಾಗಿಲಿಗೆ ಆತು ಕೂಡುತ್ತಿದ್ದರು. ಓಣಿಯವರು ಮೊದಲು ಗೋಡೆಯಾಚೆ ನಿಂತರು, ಆಮೇಲೆ ಅಂಗಳಕ್ಕೆ ಬಂದರು, ಹೋಳಿಯ ಹೊತ್ತಿಗೆ ಕಟ್ಟೆಯ ಮೇಲೆ ಕುಳಿತರು. ಅಣ್ಣ ಮಲಗಿದಲ್ಲಿಂದಲೇ ಅವರಿಗೆ ಉರ್ದು ಸುದ್ದಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಅವನ ದನಿ ಮತ್ತೆ ಮಾಸ್ತರನ ದನಿಯಾಯಿತು. ವೈನಿಗೆ ಅಕ್ಷರ ಕಲಿಸಲೂ ಶುರು ಮಾಡಿದ. ನಾನು ದಿನವೂ ಕೆಲಸಕ್ಕೆ ಹೊರಡುವಾಗ ಆ ಬಳೆಗಳ ಮೇಲೆ ಕೈಯಾಡಿಸಿ ಹೋಗುತ್ತಿದ್ದೆ. ಅವು ಅಲುಗಿರಲಿಲ್ಲ. ಬರಬರುತ್ತ ಆ ಭಯವೂ ಹೋಯಿತು.

ವೈಶಾಖದಲ್ಲಿ ಒಂದು ಮಧ್ಯಾಹ್ನ, ನಾನು ಚಪ್ಪರದಲ್ಲಿ ಗಾಲಿಗೆ ಅರದ ಕಡ್ಡಿಗಳನ್ನು ಕೂಡಿಸುತ್ತಿದ್ದೆ. ಬಿಸಿಲು ಇದ್ದಕ್ಕಿದ್ದಂತೆ ಹಳದಿಯಾಯಿತು. ಪಡುವಣದಿಂದ ಕೆಂಪು ಧೂಳು ಗೋಡೆಯ ಹಾಗೆ ಎದ್ದು ಬಂತು. ತಗಡುಗಳು ಹಾರಿದವು. ನಾನು ಉಪಕರಣಗಳನ್ನು ಒಳಗೆ ಎಳೆದುಕೊಳ್ಳುವಷ್ಟರಲ್ಲಿ ಮನೆಯ ಕಡೆಯಿಂದ ಕೊಡಲಿಯೇಟಿನಂಥ ಒಂದು ಸದ್ದು ಕೇಳಿತು. ಏನೆಂದು ನನಗೆ ಆ ಕ್ಷಣವೇ ತಿಳಿಯಿತು. ಓಡಿದೆ.

ಮುರಕಲ್ಲಿನಲ್ಲಿ ಬಡಿದಿದ್ದ ಒಂದು ಗೂಟ ಕಿತ್ತು ಬಂದಿತ್ತು. ಆ ಕಡೆಯ ತಂತಿ ಸಡಿಲಿ, ಕಂಬ ತೂಗಿ, ಬಳೆಗಳ ಜಾಗದಲ್ಲಿ ಮುರಿದು ಮನೆಯ ಕಡೆಗೆ ಬಿದ್ದಿತ್ತು. ಮಾಸ್ತರ್ ಸಾಹೇಬರು ಕಿಟಕಿಯ ಕೆಳಗೆ ಬಿದ್ದಿದ್ದರು. ಅವರ ಬಲಗೈ ಇನ್ನೂ ಗೋಡೆಗೆ ಚಾಚಿತ್ತು. ಸ್ವಿಚ್ಚನ್ನು ಅವರು ಎಳೆದಾಗಿತ್ತು.

ಅಂದು ವೈನಿ ಬಾವಿಗೆ ನೀರಿಗೆ ಹೋಗಿದ್ದರು. ಶಾಲೆಯಿಂದ ಮೋಡ ನೋಡಿದ ಮಾಸ್ತರ್ ಸಾಹೇಬರು, ಮನೆಯಲ್ಲಿ ಸ್ವಿಚ್ಚು ಎಳೆಯುವುದನ್ನು ಎಲ್ಲಿ ಮರೆತಾರೋ ಎಂದು ಜೊತೆಯ ಮಾಸ್ತರರಿಗೆ ಹೇಳಿ ಓಡಿ ಬಂದಿದ್ದರು. ಒಳಗಿಂದ ಅಣ್ಣ ನನ್ನನ್ನೂ ವೈನಿಯನ್ನೂ ಹೆಸರು ಹಿಡಿದು ಕೂಗುತ್ತಲೇ ಇದ್ದ. ಅವನಿಗೆ ಬಾಗಿಲಲ್ಲಿ ಕಂಬ ಬೀಳುವುದು ಕಂಡಿತ್ತು, ಕೆಳಗೆ ಯಾರಿದ್ದಾರೆಂಬುದು ಕಂಡಿರಲಿಲ್ಲ.

ದವಾಖಾನೆಯಲ್ಲಿ ಅವರು ಎರಡು ದಿನ ಇದ್ದರು. ಪ್ರಜ್ಞೆ ಬರದೆಯೇ ತೀರಿಕೊಂಡರು. ಪೊಲೀಸರು ಬಂದು ಕೇಳಿದಾಗ ಗಾಳಿಗೆ ಬಿತ್ತು ಎಂದು ಹೇಳಿದೆ; ಹಾಗೆಯೇ ಬರೆದುಕೊಂಡು ಹೋದರು. ಗೋರಿಯಲ್ಲಿ ದೇಹದ ಮೇಲೆ ಅಡ್ಡಲಾಗಿ ಇಡಲು ಹಲಗೆಗಳು ಬೇಕೆಂದು ಅವರ ಮನೆಯಿಂದ ನನಗೇ ಹೇಳಿ ಕಳಿಸಿದರು. ಆ ಓಣಿಯ ಬಡಿಗ ನಾನೇ ಅಲ್ಲವೇ. ಮಾವಿನ ಮರ ಕೊಯ್ದು ಹಲಗೆ ಮಾಡಿದೆ. ಅಳತೆ ಕೇಳುವ ಅಗತ್ಯ ಬೀಳಲಿಲ್ಲ, ದಿನವೂ ಕಂಡ ಆಳು. ಹೊತ್ತುಕೊಂಡು ಹೋಗಿ ಕೊಟ್ಟೆ. ಅವರ ತಂದೆ ನನ್ನ ಭುಜದ ಮೇಲೆ ಕೈಯಿಟ್ಟು, ನಿನಗೂ ಅಣ್ಣನಂತಿದ್ದ ಎಂದು ಅತ್ತರು. 

ಮೂರು ದಿನ ಅಣ್ಣ ಏನೂ ತಿನ್ನಲಿಲ್ಲ. ನಾಲ್ಕನೆಯ ದಿನ ವೈನಿ ಇಲ್ಲದ ಹೊತ್ತು ನೋಡಿ, ಕಂಬ ಮುರಿದ ಕಡೆಯ ತುಂಡೊಂದನ್ನು ತರಲು ಹೇಳಿದ. ಯಾಕೆಂದು ಕೇಳಿದೆ. ತಾ ಅಂದ. ಗರಗಸದಿಂದ ಕೊಯ್ದು ತಂದು ಅವನ ಎದೆಯ ಮೇಲಿಟ್ಟೆ. ಅವನು ಬಡಿಗರ ಮನೆಯಲ್ಲಿ ಹುಟ್ಟಿದವನು. ಕಸುಬು ಬಿಟ್ಟಿದ್ದ, ಕಟ್ಟಿಗೆ ತಿಳಿಯುವ ಕಣ್ಣು ಮಾತ್ರ ಹೋಗಿರಲಿಲ್ಲ. ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಮುರಿದ ಮೈಯಲ್ಲಿ ಅರ್ಧ ಹೊಸ ಕಟ್ಟಿಗೆ, ಜೇನಿನ ಬಣ್ಣ. ಉಳಿದರ್ಧ ಕಪ್ಪು. ನಾನು ತುಂಬಿದ ಅರಗು ಮುಟ್ಟದ ಕಡೆಯೆಲ್ಲ ಡಾಂಬರು ಸೀಳಿನೊಳಗೆ ಆಳದವರೆಗೆ ಇಳಿದು ಒಣಗಿತ್ತು.

"ಇದು ಮೊದಲೇ ಸೀಳಿತ್ತು," ಅಂದ.

"ಹೌದು."

"ನಿನಗ ಗೊತ್ತಿತ್ತು."

"ಗೊತ್ತಿತ್ತು ಅಣ್ಣಾ."

ಅವನು ತುಂಡನ್ನು ಎದೆಯ ಮೇಲೆಯೇ ಇಟ್ಟುಕೊಂಡು ಜಂತಿ ನೋಡುತ್ತ ಮಲಗಿದ. ನಾನು ಔರಾದಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ನಿನ್ನ ಸಲುವಾಗಿ ಮಾಡಿದೆ ಎಂಬ ಮಾತು ಬಾಯಿಯವರೆಗೆ ಬಂತು. ಅದನ್ನು ಹೇಳಲಿಲ್ಲವೆಂಬುದೊಂದೇ ಆ ದಿನಗಳಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ. ಅವನು, ಹೋಗಿ ಅವರ ಮನ್ಯಾಗ ಹೇಳಿ ಬಾ, ಅಂದ. ಅಷ್ಟೇ ಅಂದ.

ಮರುದಿನ ಬೆಳಿಗ್ಗೆ ಹೋದೆ. ಅವರ ತಂದೆ ಪಡಸಾಲೆಯಲ್ಲಿ ಕುಳಿತಿದ್ದರು. ಒಳಬಾಗಿಲಿನ ಪರದೆಯ ಹಿಂದೆ ಅವರ ಹೆಂಡತಿ. ಸೀಳನ್ನು ಕಂಡದ್ದು, ಮುದುಕ ಬೇಡವೆಂದದ್ದು, ಡಾಂಬರು ಬಳಿದದ್ದು, ಒಂದನ್ನೂ ಬಿಡದೆ ಹೇಳಿದೆ. ತಂದೆ ತಮ್ಮ ಕೈಗಳನ್ನೇ ನೋಡುತ್ತ ಕುಳಿತರು. ಮಾತಾಡಿದ್ದು ಪರದೆಯ ಹಿಂದಿನ ದನಿ.

"ಅವರಿಗೆ ಗೊತ್ತಿತ್ತೇನು?"

"ಇಲ್ಲರಿ. ಅವರು ಕೇಳಿದ್ರು. ನಾ ಪಕ್ಕಾ ಅದ ಅಂತ ಹೇಳ್ದೆ."

 ಆಮೇಲೆ ಅದೇ ದನಿ, ಏರದೆ ಇಳಿಯದೆ, ರೇಡಿಯೊದ ಪರವಾನಗಿ ತಮ್ಮವರ ಹೆಸರಿನಲ್ಲಿದೆ, ಪೆಟ್ಟಿಗೆಯನ್ನು ಕಳಿಸಿಕೊಡಿ, ಇನ್ನು ಈ ಮನೆಗೆ ಬರಬೇಡಿ ಎಂದಿತು. ತಂದೆ ಎದ್ದು ಒಳಗೆ ಹೋದರು. ನಾನು ಅಂದೇ ಪೆಟ್ಟಿಗೆಯನ್ನು ಹೊತ್ತೊಯ್ದು ಅವರ ಕಟ್ಟೆಯ ಮೇಲಿಟ್ಟು ಬಂದೆ.

ಅವರು ಪೊಲೀಸರಿಗೆ ಹೇಳುತ್ತಾರೆ, ನನ್ನನ್ನು ಒಯ್ಯುತ್ತಾರೆ ಎಂದು ಬಹಳ ದಿನ ಕಾದೆ. ಒಂದು ಜೊತೆ ಬಟ್ಟೆ ಒಗೆದು ಗಂಟು ಕಟ್ಟಿ ಇಟ್ಟುಕೊಂಡಿದ್ದೆ. ಯಾರೂ ಬರಲಿಲ್ಲ. ಓಣಿಯಲ್ಲೂ ಯಾರಿಗೂ ಗೊತ್ತಾಗಲಿಲ್ಲ. ಆ ಮನೆಯವರು ಯಾರ ಮುಂದೆಯೂ ಆ ಮಾತು ಆಡಲಿಲ್ಲ. ವರ್ಷದೊಳಗೆ ಅವರ ಹೆಂಡತಿ ಹೈದರಾಬಾದಿಗೆ, ತವರಿಗೆ ಹೋದರು.

ಅಣ್ಣ ಮಹಾನವಮಿಯ ಮೊದಲೇ ತೀರಿಕೊಂಡ. ಆ ಐದು ತಿಂಗಳಲ್ಲಿ ಅವನು ನನ್ನೊಡನೆ ಬೇಕಾದಷ್ಟು ಮಾತನಾಡಿದ. ನೀರು ಕೊಡು, ಬಾಗಿಲು ತೆರೆ, ಊಟ ಮಾಡಿದೆಯಾ, ಎಲ್ಲ ಕೇಳುತ್ತಿದ್ದ. ಕಂಬದ ಮಾತನ್ನು ಮಾತ್ರ ಮತ್ತೆ ತೆಗೆಯಲಿಲ್ಲ. ಮುರಿದ ತುಂಡು ಹಲಗೆಯ ಕೆಳಗೇ ಇತ್ತು. ತೆಗೆಯಲು ಹೇಳಲಿಲ್ಲ, ನಾನೂ ತೆಗೆಯಲಿಲ್ಲ. ವೈನಿಗೆ ಅಕ್ಷರ ಕಲಿಸುವುದನ್ನು ಕೊನೆಯವರೆಗೆ ಬಿಡಲಿಲ್ಲ. ಕಡೆಯ ದಿನಗಳಲ್ಲಿ ವೈನಿ ಒಂದೊಂದೇ ಅಕ್ಷರ ಕೂಡಿಸಿ ಅವನಿಗೆ ವಚನ ಓದಿ ಹೇಳುತ್ತಿದ್ದರು. ಅಣ್ಣನ ಮಣ್ಣಿಗೆ ಮಾಸ್ತರ್ ಸಾಹೇಬರ ತಂದೆ ಬಂದಿದ್ದರು. ಓಣಿಯ ತಿರುವಿನವರೆಗೆ ನಮ್ಮ ಹಿಂದೆ ನಡೆದು, ಅಲ್ಲಿ ನಿಂತು, ತಿರುಗಿ ಹೋದರು.

ಅದಾಗಿ ಹನ್ನೆರಡು ವರ್ಷ ವೈನಿ ನನ್ನ ಜೊತೆಯಲ್ಲೇ ಇದ್ದರು. ನನಗೆ ಮದುವೆಯಾಯಿತು, ಸಂಸಾರ ಬೆಳೆಯಿತು. ಅವರಿಗೆ ನಾನು ಹೇಳಿರಲಿಲ್ಲ. ಅಣ್ಣನೂ ಹೇಳಿರಲಿಲ್ಲ. ಹೇಳಿ ಏನಾಗಬೇಕಿದೆ, ಈಗಾಗಲೇ ಸಾಕಷ್ಟು ನೋವು ಉಂಡಿದ್ದಾರೆ ಎಂದುಕೊಂಡಿದ್ದೆ. ವೈಶಾಖದ ಗಾಳಿ ಬೀಸಿದ ದಿನ ಅವರು ಊಟ ಮಾಡುತ್ತಿರಲಿಲ್ಲ. ಮೋಡ ಕವಿದರೆ ಬಾವಿಯ ಕಡೆ ಹೋಗುತ್ತಿರಲಿಲ್ಲ. ಸತ್ತವರ ನೆನಪಿಗೆ ಎಂದು ನಾನು ತಿಳಿದಿದ್ದೆ.

ಒಂದು ದಿನ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕುಳಿತವರು, ಏನೂ ಕೇಳದಿದ್ದರೂ ತಾವಾಗಿಯೇ ಹೇಳಿದರು.

"ಅವತ್ತು ನಾ ಮನ್ಯಾಗ ಇದ್ದಿದ್ರ ಆ ಪುಣ್ಯಾತ್ಮ ಬದುಕ್ತಿದ್ದ. ಒಂದು ಕೊಡ ನೀರಿನ ಸಲುವಾಗಿ ಒಬ್ಬರ ಮನಿ ಹಾಳ ಮಾಡ್ದೆ."

 ಅವರ ಎದುರು ನೆಲದ ಮೇಲೆ ಕುಳಿತು, ಹನ್ನೆರಡು ವರ್ಷದ ಹಿಂದೆ ಇನ್ನೊಂದು ಮನೆಯಲ್ಲಿ ಹೇಳಿದ್ದನ್ನು ಮತ್ತೆ ಮೊದಲಿನಿಂದ ಹೇಳಿದೆ. ವೈನಿಯ ಕೈ ಮೊರದಲ್ಲಿಯೇ ನಿಂತಿತು. ಅವರು ಅತ್ತಿದ್ದರೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಿಮ್ಮಣ್ಣಗ ಗೊತ್ತಿತ್ತು?"

ಹೌದು ಅಂದೆ.

"ಇಬ್ಬರಿಗೂ ಗೊತ್ತಿತ್ತು. ನಾ ಒಬ್ಬಾಕಿನೇ ಇದನ್ನ ಹೊತ್ತಕೊಂಡು ತಿರಗಿದೆ."

ಮೊರದಲ್ಲಿದ್ದ ಜೋಳವನ್ನು ಹಸನು ಮಾಡಿ ಮುಗಿಸಿದರು. ಕಲ್ಲು ಆರಿಸಿ ಎಸೆದರು. ಆ ವಾರವೇ ಭಾಲ್ಕಿಯಲ್ಲಿದ್ದ ತಮ್ಮನ ಮನೆಗೆ ಹೋಗುವುದಾಗಿ ನನ್ನ ಹೆಂಡತಿಯ ಹತ್ತಿರ ಹೇಳಿದರು. ಯಾಕೆಂದು ಅವಳಿಗೆ ಹೇಳಲಿಲ್ಲ. ನಾನೇ ಸ್ಟೇಶನ್ನಿಗೆ ಗಂಟು ಹೊತ್ತುಕೊಂಡು ಹೋದೆ. ರೈಲು ಬರುವವರೆಗೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದೆವು.

ಆಮೇಲೆ ಭಾಲ್ಕಿಯ ಕಡೆ ಕೆಲಸ ಬಿದ್ದಾಗಲೆಲ್ಲ ಹೋಗಿ ನೋಡಿ ಬರುತ್ತಿದ್ದೆ. ಕಾಲಿಗೆ ನೀರು ಕೊಡುತ್ತಿದ್ದರು, ರೊಟ್ಟಿ ಹಾಕುತ್ತಿದ್ದರು, ಮಕ್ಕಳು ಹ್ಯಾಂಗ ಅವರಿ ಎಂದು ಕೇಳುತ್ತಿದ್ದರು. ನನ್ನನ್ನು ಹತ್ತು ವರ್ಷದವನಿದ್ದಾಗಿನಿಂದ ತಮ್ಮಾ ಎಂದು ಕರೆದವರು, ಈಗ ಬರ್ರಿ, ಕೂಡ್ರಿ ಎನ್ನುತ್ತಿದ್ದರು.